ಆಟೋದ ಬೆನ್ನಿಗೆ ಅಂಟಿದ ಮುಖಗಳು

ಕಲಬುರಗಿಯ ಬ್ರಹ್ಮಪುರದಲ್ಲಿ, ಶರಣಬಸವೇಶ್ವರ ಗುಡಿಯ ಕಡೆಗೆ ಹೋಗುವ ದಾರಿಯಲ್ಲಿ, ಸಂಜೆ ಹೊತ್ತು ಗಾಡಿಗಳು ಒಂದರ ಹಿಂದೊಂದು ನಿಂತುಬಿಟ್ಟರೆ ಮಾಡಲು ಬೇರೆ ಕೆಲಸವಿರುವುದಿಲ್ಲ. ಮುಂದಿನ ಆಟೋದ ಬೆನ್ನು ಓದುತ್ತ ಕೂರಬೇಕು. ಒಂದರ ಮೇಲೆ ಶಂಕರನಾಗ್, ಇನ್ನೊಂದರ ಮೇಲೆ ನಗುವ ಪುನೀತ್. ಮತ್ತೊಂದರ ಮೇಲೆ ದರ್ಗಾದ ಗುಮ್ಮಟ, ಪಕ್ಕದಲ್ಲಿ 786. ನೀಲಿ ಅಕ್ಷರದ ‘ಜೈ ಭೀಮ್’. ಕೆಂಪು ಹಳದಿ ಬಾವುಟ. ‘ಅವ್ವನ ಆಶೀರ್ವಾದ’. ಕನ್ನಡ, ಉರ್ದು, ಇಂಗ್ಲಿಷು, ಒಮ್ಮೊಮ್ಮೆ ಮರಾಠಿ. 1948ರವರೆಗೆ ನಿಜಾಮರ ಕೈಯಲ್ಲಿದ್ದು 1956ರಲ್ಲಿ ಕನ್ನಡ ನಾಡಿಗೆ ಸೇರಿದ ಊರೊಂದು ಎಷ್ಟು ಲಿಪಿಗಳಲ್ಲಿ ಉಸಿರಾಡುತ್ತದೆ ಎಂಬುದನ್ನು ತಿಳಿಯಲು ಗ್ರಂಥಾಲಯಕ್ಕೆ ಹೋಗಬೇಕಿಲ್ಲ, ಸೂಪರ್ ಮಾರ್ಕೆಟ್ಟಿನ ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಂತರೆ ಸಾಕು.

ಆದರೆ ಈ ಚಿತ್ರಗಳಿಗೆ ಇತಿಹಾಸ ಬರೆಯುವುದು ಕಷ್ಟ. ಶಾಸನ ಕಲ್ಲಿನಲ್ಲಿ ಉಳಿಯುತ್ತದೆ, ಕಡತ ಕಪಾಟಿನಲ್ಲಿ ಉಳಿಯುತ್ತದೆ. ಸ್ಟಿಕ್ಕರು ಬಿಸಿಲಿನಲ್ಲಿ ಉಳಿಯುವುದಿಲ್ಲ. ಕಲಬುರಗಿಯ ಬಿಸಿಲು ಎಂಥದ್ದೆಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಅಚ್ಚಿನ ಶಾಯಿಗಳಲ್ಲಿ ಹಳದಿಯೂ ಕೆಂಪೂ ಮೊದಲು ಸಾಯುತ್ತವೆ, ನೀಲಿ ಕೊನೆಯವರೆಗೆ ಹೋರಾಡುತ್ತದೆ. ಹಾಗಾಗಿ ಎರಡು ಬೇಸಿಗೆ ಕಂಡ ಆಟೋದ ಮೇಲೆ ಲಕ್ಷ್ಮಿಯೂ ಗಣಪತಿಯೂ ಸಿನಿಮಾ ನಾಯಕನೂ ಕೃಷ್ಣನ ಬಣ್ಣಕ್ಕೆ ತಿರುಗಿರುತ್ತಾರೆ. ಮೂರನೆಯ ಬೇಸಿಗೆಗೆ ಅದೂ ಇಲ್ಲ. ಯಾರೂ ಇವನ್ನು ಕೂಡಿಟ್ಟಿಲ್ಲ. ಕೂಡಿಡಬೇಕಾದ ವಸ್ತು ಎಂದು ಅಂಟಿಸಿದವನಿಗೂ ಅನಿಸಿರುವುದಿಲ್ಲ.

ಸ್ಟಿಕ್ಕರ್ ಎಂಬ ಮಾತು ನಮ್ಮ ಮನೆಗಳಿಗೆ ಬಂದದ್ದು ಗಾಡಿಯ ಮೂಲಕ ಅಲ್ಲ ಎಂದು ನನ್ನ ಅನುಮಾನ. ಮೈಸೂರು ಕಡೆಯ ಹೆಂಗಸರಿಗೆ ಸ್ಟಿಕ್ಕರ್ ಎಂದರೆ ಇವತ್ತಿಗೂ ಹಣೆಯ ಬೊಟ್ಟು. ನಮ್ಮ ಕಡೆ ಅದು ಟಿಕಳಿ. ಸ್ನಾನಕ್ಕೆ ಮುಂಚೆ ಹಣೆಯಿಂದ ತೆಗೆದು ಕನ್ನಡಿಯ ಅಂಚಿಗೆ ಅಂಟಿಸಿದ ಟಿಕಳಿಗಳ ಸಾಲು ಇಲ್ಲದ ಮನೆ ಯಾವುದಿತ್ತು? ಒತ್ತಿದರೆ ಹಿಡಿಯುವ, ಎಳೆದರೆ ಬಿಡುವ, ಮತ್ತೆ ಒತ್ತಿದರೆ ಮತ್ತೆ ಹಿಡಿಯುವ ಅಂಟಿನ ಪಾಠವನ್ನು ನಾವೆಲ್ಲ ಕಲಿತದ್ದು ಬಚ್ಚಲ ಕನ್ನಡಿಯ ಮುಂದೆ.

ನೀರು ಬೇಡದ, ಸರೇಸು ಬೇಡದ ಈ ಅಂಟಿಗೆ ವಯಸ್ಸು ಹೆಚ್ಚಾಗಿಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸ್ಟ್ಯಾಂಟನ್ ಏವರಿ ಎಂಬಾತ 1935ರಲ್ಲಿ ಹಿಂಬದಿಯ ಕಾಗದ ಕಿತ್ತು ಅಂಟಿಸುವ ಲೇಬಲ್ಲು ತಯಾರಿಸಿದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾನ್ಸಾಸ್ ಸಿಟಿಯ ಅಚ್ಚುಗಾರ ಫಾರೆಸ್ಟ್ ಗಿಲ್ ಅದೇ ಅಂಟುಗಾಗದದ ಮೇಲೆ ಹೊಳೆವ ಬಣ್ಣ ಬಳಿದು ಕಾರಿನ ಬಂಪರಿಗೆ ಅಂಟುವ ಪಟ್ಟಿ ಮಾಡಿದ. ಅಲ್ಲಿಂದ ಅದು ಚುನಾವಣೆಗೆ ಹೋಯಿತು, ಪ್ರವಾಸಿ ತಾಣಗಳಿಗೆ ಹೋಯಿತು. 1989ರಲ್ಲಿ ಶೆಪರ್ಡ್ ಫೇರಿ ಎಂಬ ಕಲಾ ವಿದ್ಯಾರ್ಥಿ ಆಂದ್ರೆ ಎಂಬ ದೈತ್ಯ ಕುಸ್ತಿಪಟುವಿನ ಮುಖವನ್ನು ಸ್ಟಿಕ್ಕರು ಮಾಡಿ ಪ್ರಾವಿಡೆನ್ಸ್ ನಗರದ ಕಂಬ, ಗೋಡೆಗಳಿಗೆ ಅಂಟಿಸಿದ ಮೇಲೆ ಅದು ‘ಬೀದಿ ಕಲೆ’ ಎನಿಸಿಕೊಂಡಿತು, ಗ್ಯಾಲರಿಗಳಿಗೂ ಹೊಕ್ಕಿತು.

ಅಲ್ಲಿಯ ಸ್ಟಿಕ್ಕರ್ ಕಲೆಯ ರೋಮಾಂಚನ ಇರುವುದು ಇನ್ನೊಬ್ಬರ ಗೋಡೆಗೆ ರಾತ್ರಿ ಹೋಗಿ ಅಂಟಿಸಿ ಓಡುವುದರಲ್ಲಿ. ಆ ಬಗೆ ನಮ್ಮಲ್ಲಿಯೂ ಇಲ್ಲವೆಂದಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳಿಗೆ ಬಿದ್ದ ‘ಪೇಸಿಎಂ’ ಹಾಳೆಗಳು ನೆನಪಿರಬಹುದು: ಅಂಗಡಿ ಗಲ್ಲಾದ ಮುಂದಿನ ಕ್ಯೂಆರ್ ಚೌಕದ ನಡುವೆ ಅಂದಿನ ಮುಖ್ಯಮಂತ್ರಿಯ ಮುಖ. ಹಣ ಕಟ್ಟುವ ದಿನನಿತ್ಯದ ಚಿತ್ರವನ್ನೇ ವಿರೋಧ ಪಕ್ಷ ವ್ಯಂಗ್ಯವಾಗಿ ತಿರುಗಿಸಿತ್ತು. ಅಂಥವಕ್ಕೆಂದೇ ನಮ್ಮಲ್ಲಿ 1981ರ ಕಾಯ್ದೆ ಇದೆ, ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು. ಆದರೆ ನಮ್ಮ ಬೀದಿಯ ದೊಡ್ಡ ಪಾಲು ಸ್ಟಿಕ್ಕರುಗಳು ಕದ್ದು ಅಂಟಿಸಿದವಲ್ಲ. ತನ್ನದೇ ಗಾಡಿಗೆ, ತನ್ನದೇ ದುಡ್ಡಿನಲ್ಲಿ, ಹಗಲು ಹೊತ್ತಿನಲ್ಲಿ, ನಿಂಬೆಹಣ್ಣು ಕಟ್ಟಿ ಅಂಟಿಸಿದವು. ಬಾಡಿಗೆ ಮನೆಯಲ್ಲಿರುವವನಿಗೆ ಒಂದು ಮೊಳೆ ಹೊಡೆಯಲೂ ಮಾಲಕರನ್ನು ಕೇಳಬೇಕು. ಗಾಡಿಯ ಬೆನ್ನು ಹಾಗಲ್ಲ. ಸಾಲ ತೀರುವವರೆಗೆ ಆರ್‌ಸಿ ಪುಸ್ತಕದಲ್ಲಿ ಫೈನಾನ್ಸಿನವರ ಹೆಸರಿದ್ದರೂ, ಆ ಎರಡು ಮೂರು ಅಡಿ ತಗಡು ಅವನ ಗೋಡೆ. ಅಲ್ಲಿ ಯಾರ ಮುಖ ಇರಬೇಕೆಂದು ತೀರ್ಮಾನಿಸುವವನು ಅವನೇ.

ಹಾಗೆಂದುಕೊಂಡಿದ್ದೆ. ಈ ಮುಖಗಳನ್ನು ಹಿಂದಕ್ಕೆ ಹುಡುಕುತ್ತ ಹೋದಂತೆ, ತೀರ್ಮಾನದಲ್ಲಿ ಇನ್ನೂ ಒಂದು ಪಾಲು ಬ್ಲೇಡಿನದು ಎಂದು ಗೊತ್ತಾಯಿತು.

ಹಿಂದಕ್ಕೆ ಹೋದರೆ ಮೊದಲು ಸಿಗುವುದು ಕ್ಯಾಲೆಂಡರ್. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ದೇವರ ಬಣ್ಣದ ಪಟ ಬಡವರ ಮನೆಗೂ ಬಂತು. ಅದೇ ಕಾಲಕ್ಕೆ ಮ್ಯಾಂಚೆಸ್ಟರಿನಿಂದ ಬರುತ್ತಿದ್ದ ಬಟ್ಟೆಯ ಥಾನುಗಳ ಮೇಲೂ ದೇವತೆಗಳ, ರಾಜರ, ಹುಲಿ ಸಿಂಹಗಳ ಬಣ್ಣದ ಲೇಬಲ್ಲು ಅಂಟಿರುತ್ತಿತ್ತು. ಓದು ಬಾರದ ಗಿರಾಕಿ ಅಂಗಡಿಯವನಿಗೆ ಇಂಥ ಕಂಪನಿಯದು ಎನ್ನುವ ಬದಲು ಇಂಥ ಚಿತ್ರದ್ದು ಎನ್ನುತ್ತಿದ್ದ. ಬಟ್ಟೆ ಹರಿದರೂ ಲೇಬಲ್ಲು ಪೆಟ್ಟಿಗೆಯ ಮುಚ್ಚಳದ ಒಳಗೆ ಉಳಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೇ ಎಂ.ಎಸ್.ಕೆ. ಮಿಲ್ ಕಂಡ ಕಲಬುರಗಿಗೆ ಥಾನಿನ ಭಾಷೆ ಹೊಸದೇನಲ್ಲ. ಮಿಲ್ಲು ಮುಚ್ಚಿ ಹೋಗಿ ಈಗ ಅದು ಆಟೋದವರಿಗೆ ಹೇಳುವ ಒಂದು ವಿಳಾಸ ಮಾತ್ರ.

ಇದೇ ಊರಿನಲ್ಲಿ 1916ರಲ್ಲಿ ಹುಟ್ಟಿದವರು ಎಸ್.ಎಂ. ಪಂಡಿತ್, ಸಾಂಬಾನಂದ ಮೋನಪ್ಪ ಪಂಡಿತ್. ಮುಂಬಯಿಗೆ ಹೋಗಿ ಹಾಲಿವುಡ್ ಚಿತ್ರಗಳಿಗೆ ಷೋಕಾರ್ಡು ಬರೆದರು, ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು, ಹಿಂದಿ ಸಿನಿಮಾಗಳಿಗೆ ಪೋಸ್ಟರು ಬರೆದರು. ಆಮೇಲೆ ಕ್ಯಾಲೆಂಡರುಗಳಿಗೆ ಪುರಾಣದ ಚಿತ್ರಗಳನ್ನು ಬರೆದರು. ನಳ ದಮಯಂತಿ, ವಿಶ್ವಾಮಿತ್ರ ಮೇನಕೆ, ರಾಮ, ಹನುಮ ಇವರೆಲ್ಲ ಪಂಡಿತರ ಕುಂಚದಲ್ಲಿ ವ್ಯಾಯಾಮ ಮಾಡಿದ ಮೈಯವರಾದರು. ಹೆಗಲ ಮೇಲೆ ಬೆಳಕು ಬೀಳುವುದು, ಕೆನ್ನೆಯ ಕೆಳಗೆ ನೆರಳು ನಿಲ್ಲುವುದು, ಹಿಂದೆ ಮೋಡ ಕೆಂಪಾಗುವುದು, ಇದೆಲ್ಲ ಸಿನಿಮಾ ಪೋಸ್ಟರಿನಿಂದ ದೇವರಿಗೆ ಬಂದ ಬೆಳಕು. 1993ರಲ್ಲಿ ಅವರು ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ನಾಟಕ, ಸನ್ಮಾನ, ಭಾಷಣಗಳಿಗೆ ಅಲ್ಲಿಗೆ ಹೋಗುವ ನಮ್ಮಲ್ಲಿ ಅನೇಕರು ಹೆಸರು ಹೇಳುತ್ತೇವೆ, ಚಿತ್ರ ನೆನಪಿಸಿಕೊಳ್ಳುವುದಿಲ್ಲ. ಆಟೋದೊಳಗೆ ಮೀಟರಿನ ಪಕ್ಕ ಅಂಟಿದ ಅಂಗೈಯಗಲದ ದೇವರ ಚಿತ್ರದಲ್ಲಿ ಅವರದೋ ಅವರ ದಾರಿ ಹಿಡಿದವರದೋ ಬೆಳಕು ಬಿದ್ದಿರುತ್ತದೆ. ಅಲ್ಲಿ ಹೆಸರು ಇರುವುದಿಲ್ಲ. ಕ್ಯಾಲೆಂಡರಿನ ಮೂಲೆಯಲ್ಲಿದ್ದ ಸಹಿ ಸ್ಟಿಕ್ಕರಿನ ಅಳತೆಗೆ ಕತ್ತರಿಸುವಾಗ ಮೊದಲು ಹೋಗುವ ಭಾಗ.

ಆ ಕಾಲದಲ್ಲಿ ಗಾಡಿಯ ಹೊರಮೈ ಪೇಂಟರನದು. ಲಾರಿ, ಟಾಂಗಾ, ಆಟೋ ಯಾವುದಾದರೂ ಸರಿ, ಎನಾಮಲ್ ಡಬ್ಬಿ, ಎರಡು ಕುಂಚ, ನೇರ ಗೆರೆಗೆ ಸೀಮೆಸುಣ್ಣದ ದಾರ. ಅಕ್ಷರಕ್ಕೆ ನೆರಳು ಕೊಡುವುದು ಅವನ ಕಸುಬಿನ ಹೆಮ್ಮೆ. ಕಮಲವೋ ನವಿಲೋ ಬರೆದು ಕೆಳಗೆ ಸಣ್ಣಗೆ ತನ್ನ ಹೆಸರು, ಅದರ ಮುಂದೆ ‘ಆರ್ಟ್ಸ್’. ಅದು ಜಾಹೀರಾತೂ ಹೌದು, ಸಹಿಯೂ ಹೌದು.

ಅವನ ಕೆಲಸಕ್ಕೆ ಮೊದಲ ಪೆಟ್ಟು ಕೊಟ್ಟದ್ದು ‘ರೇಡಿಯಂ’. ಹೆಸರು ಕೇಳಿ ಹೆದರಬೇಕಿಲ್ಲ. ಕ್ಯೂರಿ ದಂಪತಿ 1898ರಲ್ಲಿ ಕಂಡುಹಿಡಿದ ಆ ಧಾತು ಇದರಲ್ಲಿ ಒಂದು ಕಣವೂ ಇಲ್ಲ. ಕತ್ತಲಲ್ಲಿ ಹೊಳೆಯುವ ಹಳೆಯ ಗಡಿಯಾರದ ಮುಳ್ಳುಗಳಿಗೆ ರೇಡಿಯಂ ಬಳಿಯುತ್ತಿದ್ದ ಕಾಲವೊಂದಿತ್ತು. ಆ ನೆನಪಿನಲ್ಲಿ ನಮ್ಮವರು ಹೊಳೆಯುವುದಕ್ಕೆಲ್ಲ ರೇಡಿಯಂ ಎಂದರು. ಗಾಡಿಗೆ ಅಂಟಿಸುವುದು ಬೆಳಕು ಬಿದ್ದರೆ ತಿರುಗಿ ಎಸೆಯುವ ಹಾಳೆ, ಇಲ್ಲವೇ ಕಣ್ಣಿಗೆ ರಾಚುವ ಬಣ್ಣದ ಬರಿಯ ಪ್ಲಾಸ್ಟಿಕ್. ಮೊದಲು ಅದನ್ನೂ ಪೇಂಟರನೇ ಬ್ಲೇಡಿನಿಂದ ಕೊಯ್ದು ಅಂಟಿಸುತ್ತಿದ್ದ. ಕಂಪ್ಯೂಟರಿಗೆ ಜೋಡಿಸಿದ ಕಟಿಂಗ್ ಪ್ಲಾಟರ್ ಬಂದ ಮೇಲೆ ಅವನ ಕೈ ಬೇಡವಾಯಿತು. ಪೇಂಟರುಗಳಲ್ಲಿ ಕೆಲವರು ತಾವೇ ಯಂತ್ರ ಹಾಕಿಕೊಂಡರು. ಕುಂಚ ಬಿಡಲಾರದವರು ಮನೆಗಳಿಗೆ ಸುಣ್ಣ ಬಣ್ಣ ಬಳಿಯಲು ಹೋದರು.

ನಂಬರ್ ಪ್ಲೇಟ್ ಅಂಗಡಿಯ ಮುಂದೆ ನಿಂತು ಆ ಯಂತ್ರವನ್ನು ನೋಡಿ. ಮೊನಚು ಬ್ಲೇಡು ಹಾಳೆಯ ಮೇಲ್ಪದರವನ್ನಷ್ಟೇ ಕೊಯ್ಯುತ್ತದೆ, ಕೆಳಗಿನ ನುಣುಪು ಕಾಗದ ಹಾಗೇ ಉಳಿಯುತ್ತದೆ. ಹುಡುಗ ಬೇಡದ ಭಾಗವನ್ನು ಪಿನ್ನಿನಿಂದ ಎಬ್ಬಿಸಿ ಸರ್ರನೆ ಎಳೆದು ತೆಗೆಯುತ್ತಾನೆ. ಉಳಿದ ಆಕಾರದ ಮೇಲೆ ಇನ್ನೊಂದು ಅಂಟುಪಟ್ಟಿ ಒತ್ತಿ, ಗಾಜಿಗೆ ಸೋಪಿನ ನೀರು ಚಿಮುಕಿಸಿ, ಚಿತ್ರ ಕೂಡಿಸಿ, ನೀರನ್ನು ಹೊರಕ್ಕೆ ಸವರುತ್ತಾನೆ. ಇಡೀ ಕೆಲಸದಲ್ಲಿ ಬಣ್ಣ ಬೆರೆಸುವ ಮಾತೇ ಇಲ್ಲ. ಬ್ಲೇಡಿಗೆ ಗೊತ್ತಿರುವುದು ಎರಡೇ: ಇರಲಿ, ಬೇಡ. ನಡುವಿನ ನೆರಳು ಅದಕ್ಕೆ ಗೊತ್ತಿಲ್ಲ. ಪಂಡಿತರು ಬಣ್ಣದ ಮೇಲೆ ಬಣ್ಣ ಕೂರಿಸಿ ತಂದ ಕೆನ್ನೆಯ ಮೆತ್ತಗಿನ ನೆರಳನ್ನು ಪ್ಲಾಟರ್ ಕತ್ತರಿಸಲಾರದು.

ಹಾಗಾದರೆ ಯಾವ ಮುಖವನ್ನು ಕತ್ತರಿಸಬಲ್ಲದು? ಒಂದೆರಡು ಗುರುತಿನಲ್ಲಿ ನಿಲ್ಲುವ ಮುಖವನ್ನು. ಅಂಬೇಡ್ಕರರಿಗೆ ಕನ್ನಡಕ, ಹಿಂದಕ್ಕೆ ಬಾಚಿದ ಕೂದಲು. ಶಿವಾಜಿಗೆ ಗಡ್ಡ, ಪಗಡಿ. ರಾಯಣ್ಣನಿಗೆ ಮೀಸೆ, ಖಡ್ಗ. ಶಂಕರನಾಗ್‌ಗೆ ಗಡ್ಡ, ಆ ನಗೆ. ಲೋಕದಲ್ಲೆಲ್ಲ ಹಬ್ಬಿದ ಚೆ ಗೆವಾರನ ಮುಖವೂ ಇದೇ ದಾರಿಯಲ್ಲಿ ಬಂದದ್ದು. ಕೋರ್ದಾ 1960ರಲ್ಲಿ ತೆಗೆದ ಫೋಟೋದ ಬೂದು ಛಾಯೆಗಳನ್ನೆಲ್ಲ 1968ರಲ್ಲಿ ಐರ್ಲೆಂಡಿನ ಜಿಮ್ ಫಿಟ್ಜ್‌ಪ್ಯಾಟ್ರಿಕ್ ಎರಡು ಬಣ್ಣಕ್ಕೆ ಇಳಿಸಿದ. ಆಮೇಲೆ ಅದು ಯಾರ ಕೈಗೂ ಸಿಗದೆ ಹರಡಿತು. ಮಿತ ಗೆರೆಯ ಮುಖ ನಕಲು ಮಾಡಲು ಸುಲಭ, ದೂರದಿಂದ ಗುರುತಿಸಲು ಸುಲಭ, ಕತ್ತರಿಸಲು ಸೋವಿ.

ಶಂಕರನಾಗ್ ಕತೆಯನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ‘ಆಟೋ ರಾಜ’ ಬಂದದ್ದು 1980ರಲ್ಲಿ. ಹತ್ತು ವರ್ಷದ ನಂತರ, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರ ಆನಗೋಡಿನಲ್ಲಿ ರಸ್ತೆಯ ಮೇಲೆಯೇ ಅವರು ಹೋದರು. ರಸ್ತೆಯಲ್ಲಿ ಬದುಕುವವರು ರಸ್ತೆಯಲ್ಲಿ ತೀರಿಕೊಂಡವನನ್ನು ತಮ್ಮವನೆಂದುಕೊಂಡರು. ಆ ಮೇಲೆ ಹುಟ್ಟಿದ ಹುಡುಗರು ಇವತ್ತು ಆಟೋ ಓಡಿಸುತ್ತಿದ್ದಾರೆ. ಅವರಲ್ಲಿ ಎಷ್ಟೋ ಜನ ಆ ಸಿನಿಮಾ ನೋಡಿಲ್ಲ. ನೋಡಬೇಕಾಗಿಯೂ ಇಲ್ಲ. ಮುಖ ಕಸುಬಿನ ಗುರುತಾಗಿಬಿಟ್ಟಿದೆ. 2021ರ ಅಕ್ಟೋಬರ್ 29ರಂದು ಪುನೀತ್ ಹೋದ ಮೇಲೆ ಆ ಸಾಲಿಗೆ ಎರಡನೆಯ ಮುಖ ಸೇರಿತು. ಅದರಲ್ಲಿ ಒಂದು ವ್ಯತ್ಯಾಸವಿದೆ. ಪುನೀತ್ ನಗೆ ಬ್ಲೇಡಿಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ, ಅಚ್ಚಾದ ಬಣ್ಣದ ಸ್ಟಿಕ್ಕರಿನಲ್ಲೇ ಅದು ಚೆಂದ. ಹಾಗಾಗಿ ಬೇಗ ನೀಲಿಯಾಗುತ್ತದೆ.

ಬ್ಲೇಡಿಗೆ ಹೇಳಿ ಮಾಡಿಸಿದ ಮುಖ ಬಂದದ್ದು ಕನ್ನಡದ ಇನ್ನೊಂದು ಅಂಚಿನಿಂದ. ಕಲಬುರಗಿ ಈಶಾನ್ಯದ ತುದಿಯಾದರೆ ಕಾಸರಗೋಡಿನ ಕುಂಬಳೆ ನೈರುತ್ಯದ ತುದಿ, ಅದೂ ಈಗ ಕೇರಳದಲ್ಲಿ. ಅಲ್ಲಿಯ ಕರಣ್ ಆಚಾರ್ಯ 2015ರಲ್ಲಿ ಊರಿನ ಯುವಕರ ಗುಂಪಿನವರು ಗಣೇಶನ ಹಬ್ಬದ ಬಾವುಟಕ್ಕೆಂದು ಕೇಳಿದಾಗ ಹನುಮಂತನ ಮುಖವೊಂದನ್ನು ಕಂಪ್ಯೂಟರಿನಲ್ಲಿ ಮಾಡಿಕೊಟ್ಟರು. ಕೇಸರಿ, ಕಪ್ಪು, ಎರಡೇ ಬಣ್ಣ. ಗಂಟಿಕ್ಕಿದ ಹುಬ್ಬು, ಹಣೆಗೆ ನಾಮ. ಕೆಲವೇ ವರ್ಷಗಳಲ್ಲಿ ಅದು ಬೆಂಗಳೂರಿನ ಕಾರುಗಳ ಹಿಂಗಾಜಿಗೆ, ಅಲ್ಲಿಂದ ದೇಶದ ಎಲ್ಲ ಹೆದ್ದಾರಿಗಳಿಗೆ ಹೋಯಿತು. 2018ರ ಚುನಾವಣೆಯ ಹೊತ್ತಿಗೆ ಪ್ರಧಾನಿ ಮಂಗಳೂರಿನ ಸಭೆಯಲ್ಲಿ ಅದನ್ನು ಹೊಗಳಿದರು. ಅದು ಸಿಟ್ಟಿನ ದೇವರು, ದಾಸ ಹನುಮನನ್ನು ಯೋಧನಾಗಿಸಿದ ರಾಜಕೀಯ ಎಂದು ಇನ್ನೊಂದು ಕಡೆಯವರು ಟೀಕಿಸಿದರು. ತಾನು ಬರೆದದ್ದು ಸಿಟ್ಟನ್ನಲ್ಲ, ಠೀವಿಯನ್ನು ಎಂದು ಚಿತ್ರಕಾರರು ಹೇಳುತ್ತ ಬಂದರು.

ನನಗೆ ಈ ಜಗಳದಲ್ಲಿ ಎರಡೂ ಕಡೆಯವರು ಬ್ಲೇಡನ್ನು ಮರೆತರು ಅನಿಸುತ್ತದೆ. ಎದೆ ಸೀಳಿ ರಾಮನನ್ನು ತೋರಿಸುವ ಹನುಮನಿಗೆ, ಕಣ್ಣು ಮುಚ್ಚಿ ಕೈಮುಗಿದ ಹನುಮನಿಗೆ ನೆರಳು ಬೇಕು, ನಡುಬಣ್ಣ ಬೇಕು. ಭಕ್ತಿಯನ್ನು ಎರಡು ಬಣ್ಣದಲ್ಲಿ ತೋರಿಸುವುದು ಕಷ್ಟ. ಎರಡು ಬಣ್ಣದಲ್ಲಿ ಹುಬ್ಬು ಗಂಟಿಕ್ಕುತ್ತದೆ, ದವಡೆ ಬಿಗಿಯುತ್ತದೆ. ಸಿಟ್ಟಿಗೆ ಯಂತ್ರ ಕಾರಣ ಎಂದು ನಾನು ಹೇಳುತ್ತಿಲ್ಲ. ಅಂಟಿಸಿಕೊಂಡವರಲ್ಲಿ ಸಿಟ್ಟಿದ್ದವರೂ ಇದ್ದರು, ಚೆಂದ ಕಂಡಿತೆಂದು ಅಂಟಿಸಿಕೊಂಡವರೂ ಇದ್ದರು. ಕಾಲಕ್ಕೆ ಬೇಕಾಗಿದ್ದ ಮುಖಕ್ಕೂ ಯಂತ್ರಕ್ಕೆ ಸಾಧ್ಯವಿದ್ದ ಮುಖಕ್ಕೂ ಹೊಂದಿಕೆಯಾಯಿತು. ಹೊಂದಿಕೆಯಾಗದ ಮುಖಗಳು ಒಳಗೇ ಉಳಿದವು. ಮಾರಿದವರಿಗೆ ಲಾಭವಾಯಿತು. ಬರೆದವರ ಹೆಸರು ಇಲ್ಲಿಯೂ ಚಿತ್ರದ ಜೊತೆ ಪ್ರಯಾಣ ಮಾಡಲಿಲ್ಲ. ಪಂಡಿತರ ಸಹಿಯನ್ನಾದರೂ ಕತ್ತರಿಸಿ ತೆಗೆಯಬೇಕಿತ್ತು, ಇಲ್ಲಿ ಕತ್ತರಿಸಲು ಸಹಿಯೇ ಇರಲಿಲ್ಲ.

‘ಒಳಗೇ ಉಳಿದವು’ ಎಂದೆ. ಆಟೋ ಹತ್ತಿದಾಗ ಗಮನಿಸಿ. ಹ್ಯಾಂಡಲ್ಲಿನ ಮುಂದೆ, ಗಾಜಿನ ಕೆಳಗೆ ಅಂಟಿರುವ ಶರಣಬಸವೇಶ್ವರರ ಚಿತ್ರ, ಇಲ್ಲವೇ ಬಂದೇನವಾಜರ ದರ್ಗಾದ ಚಿತ್ರ, ಚಾಲಕನ ಕಡೆಗೆ ಮುಖ ಮಾಡಿರುತ್ತದೆ. ಬೆಳಿಗ್ಗೆ ಕೀಲಿ ಹಾಕುವ ಮುಂಚೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಅದು ಅವನಿಗೂ ಅದಕ್ಕೂ ಸಂಬಂಧಿಸಿದ್ದು. ಮನೆಯ ಗೋಡೆಯ ಕ್ಯಾಲೆಂಡರೂ ಹೀಗೇ, ಮನೆಯವರನ್ನು ನೋಡುತ್ತಿತ್ತು. ಹಿಂಗಾಜಿನ ಸ್ಟಿಕ್ಕರು ಬೆನ್ನು ತಿರುಗಿಸಿ ನಿಂತಿದೆ. ಅದು ಹಚ್ಚಿದವನನ್ನು ನೋಡುವುದಿಲ್ಲ, ಹಿಂದೆ ಬರುವ ಅಪರಿಚಿತನನ್ನು ನೋಡುತ್ತದೆ. ಒಳಗಿನದು ಕಾಪಾಡು ಎನ್ನುತ್ತದೆ, ಹೊರಗಿನದು ನಾನು ಇಂಥವನು ಎನ್ನುತ್ತದೆ. ಒಳಗಿನದಕ್ಕೆ ಜಾತ್ರೆಯಲ್ಲೋ ಉರುಸಿನಲ್ಲೋ ಕೊಂಡ ಅಚ್ಚಿನ ಚಿತ್ರವೇ ಇವತ್ತಿಗೂ ನಡೆಯುತ್ತಿದೆ. ಹೋಳಿಯ ಬೆನ್ನಿಗೇ ಬರುವ ಶರಣಬಸವೇಶ್ವರ ಜಾತ್ರೆಯಲ್ಲಿ ಬಳೆ, ಬತ್ತಾಸು, ಗಿರಿಗಿಟ್ಲೆಗಳ ನಡುವೆ ಅದು ಸಿಗುತ್ತದೆ. ಯಾವ ಪ್ಲಾಟರಿಗೂ ಅದರ ಗೊಡವೆ ಇಲ್ಲ.

ಬ್ಲೇಡಿಗೂ ಕನ್ನಡಕ್ಕೂ ಇನ್ನೊಂದು ತಕರಾರಿದೆ. ಇಂಗ್ಲಿಷ್ ಅಕ್ಷರ ಹೆಚ್ಚೂ ಕಡಿಮೆ ಒಂದೇ ತುಂಡು. ನಮ್ಮ ಒತ್ತಕ್ಷರ ಬೇರೆಯೇ ತುಂಡು, ಸಣ್ಣದು, ಬಳುಕಿದ್ದು. ಸಣ್ಣ ತುಂಡಿಗೆ ಅಂಟು ಕಡಿಮೆ, ಅಂಚು ಹೆಚ್ಚು. ಬಿಸಿಲು, ಧೂಳು, ಗಾಡಿ ತೊಳೆಯುವ ಪೈಪಿನ ನೀರು ಸೇರಿ ಮೊದಲು ಎಬ್ಬಿಸುವುದು ಒತ್ತನ್ನೇ. ‘ಅವ್ವನ ಆಶೀರ್ವಾದ’ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ‘ಅವನ ಆಶೀರ್ವಾದ’ ಆಗುತ್ತದೆ. ಓದಿದವರು ನಗುತ್ತಾರೆ. ಗಾಡಿಯವನಿಗೆ ಅದು ಅವ್ವನದೇ. ಆ ಅಕ್ಷರ ಅವನ ಕಣ್ಣಿನಲ್ಲಿ ಅಂಟಿದೆ, ತಗಡಿನಲ್ಲಿ ಇಲ್ಲದಿದ್ದರೇನು.

ನಂಬರ್ ಪ್ಲೇಟಿನ ಮೇಲೆ ಮಾತ್ರ ಈ ಆಟ ಮುಗಿಯಿತು. ಕೆಎ 32 ಎಂಬ ನಮ್ಮ ಜಿಲ್ಲೆಯ ಗುರುತನ್ನು ಬಗೆಬಗೆಯಾಗಿ ಬಳುಕಿಸಿ, ಕೆಲವರು ಕನ್ನಡ ಅಂಕಿಯಲ್ಲೂ ಬರೆಸುತ್ತಿದ್ದ ಕಾಲವೊಂದಿತ್ತು. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಅತಿ ಸುರಕ್ಷಿತ ಫಲಕ ಬಂತು, 2023ರ ಆಗಸ್ಟ್‌ನಲ್ಲಿ ಹಳೆಯ ಗಾಡಿಗಳಿಗೂ ಆದೇಶವಾಯಿತು. ಗಡುವು ಮುಂದೆ ಹೋಗುತ್ತ ಹೋದರೂ ರೇಡಿಯಂ ಅಂಗಡಿಗಳ ದಿನದ ಗಿರಾಕಿ ಹೋಯಿತು. ಕುಂಚದವನನ್ನು ಎಬ್ಬಿಸಿದ ಯಂತ್ರದವನನ್ನು ಈಗ ಒತ್ತಚ್ಚಿನ ಅಲ್ಯುಮಿನಿಯಂ ತಗಡು ಎಬ್ಬಿಸುತ್ತಿದೆ. ಉಳಿದದ್ದು ಗಾಡಿಯ ಬೆನ್ನು, ಹೆಲ್ಮೆಟ್ಟು, ಬೈಕಿನ ಟ್ಯಾಂಕು.

ಹಳೆಯ ಆಟೋ ಮಾರುವಾಗ ಚಾಲಕ ಮೊದಲು ಮಾಡುವ ಕೆಲಸ ಸ್ಟಿಕ್ಕರು ಕೀಳುವುದು. ಮಗಳ ಹೆಸರನ್ನು ಇನ್ನೊಬ್ಬನ ಕೈಗೆ ಕೊಡಲು ಮನಸ್ಸಾಗುವುದಿಲ್ಲ. ಸೀಮೆಎಣ್ಣೆಯೋ ಪೆಟ್ರೋಲೋ ಹಚ್ಚಿದ ಬಟ್ಟೆಯಿಂದ ನೆನೆಸಿ, ಉಗುರಿನಿಂದ ಅಂಚೆಬ್ಬಿಸಿ, ಹಟ ಮಾಡಿದ ಕಡೆ ಬ್ಲೇಡು ಹಾಕಿ ಕೆರೆಯುತ್ತಾನೆ. ಅಂಟು ಹೋಗುತ್ತದೆ. ಆದರೆ ಸುತ್ತಲ ಬಣ್ಣ ವರ್ಷಗಟ್ಟಲೆ ಬಿಸಿಲುಂಡು ಬಿಳಿಚಿರುತ್ತದೆ, ಸ್ಟಿಕ್ಕರಿನ ಕೆಳಗಿನದು ಹೊಸ ಗಾಡಿಯ ಬಣ್ಣದಲ್ಲೇ ಇರುತ್ತದೆ. ಕೊಂಡವನು ಹೊಸ ಬಣ್ಣ ಹೊಡೆಸುವವರೆಗೆ, ಬ್ರಹ್ಮಪುರದ ರಸ್ತೆಯಲ್ಲಿ ಅವನ ಹಿಂದೆ ನಿಂತವರು ಅಲ್ಲಿಲ್ಲದ ಹುಡುಗಿಯ ಹೆಸರನ್ನು, ಅಲ್ಲಿಲ್ಲದ ಗಡ್ಡದ ನಗೆಯನ್ನು ಓದುತ್ತಲೇ ಇರುತ್ತಾರೆ, ಒತ್ತಕ್ಷರವೂ ಸೇರಿ.